ಹೂಂ ಎನ್ನುವ ಡಬ್ಬಿ

ಅಂಬಿಗರ ಸಣ್ಣಹನುಮನನ್ನು ಕೊಂದದ್ದು ಹಾಡುಹಗಲಲ್ಲಿ, ಇಡೀ ಊರಿನ ಕಣ್ಣೆದುರಿಗೆ. ಕೃಷ್ಣೆಯ ನಡುವಿನ ಹಂಚಿನಗಡ್ಡಿ ಎಂಬ ನಡುಗಡ್ಡೆಯ ಜನ ಈಚೆ ದಂಡೆಯಲ್ಲಿ ನಿಂತಿದ್ದರು. ಆಚೆಯ ಮರಳದಿಣ್ಣೆಯಲ್ಲಿ ಕಂಪನಿಯ ನೀಲಿ ಅಂಗಿಯವರು ಅವನ ಹರಗೋಲನ್ನು ಬೋರಲು ಹಾಕಿ, ಅವನದೇ ಹುಟ್ಟು ಕಿತ್ತುಕೊಂಡು ಅವನನ್ನು ಬಡಿಯುತ್ತಿದ್ದರು. ಹುಟ್ಟು ಮುರಿದ ಮೇಲೆ ಬೂಟುಗಾಲಿನಲ್ಲಿ ಮುಂದುವರಿಸಿದರು. ಅವನು ಮಾಡಿದ ತಪ್ಪು, ಮರಳು ಹೀರುವ ಯಂತ್ರದ ದಾರಿಯಲ್ಲಿ ಬಲೆ ಬೀಸಿದ್ದು.

ನೋಡುತ್ತಿದ್ದವರಲ್ಲಿ ಹತ್ತಾರು ಜನರ ಕೈಯಲ್ಲಿ ಫೋನಿತ್ತು. ಒಂದಕ್ಕೂ ಜೀವವಿರಲಿಲ್ಲ. ಹರಗೋಲು ಹಾಕಿಕೊಂಡು ಹೊಳೆ ದಾಟುವಷ್ಟರಲ್ಲಿ ನೀಲಿ ಅಂಗಿಯವರು ಹೋಗಿಬಿಟ್ಟಿದ್ದರು. ಸಣ್ಣಹನುಮನ ಮುಖವನ್ನು ಅವನ ಹೆಂಡತಿಯೇ ಗುರುತು ಹಿಡಿಯಲಿಲ್ಲ. ಸೊಂಟದ ಉಡಿದಾರ ನೋಡಿ ಅತ್ತಳು.

ಫೋನು ಸತ್ತದ್ದಕ್ಕೆ ಕಾರಣ ಮೂಕಗಂಬ. ಮರಳು ಬಂಗಾರಕ್ಕಿಂತ ತುಟ್ಟಿಯಾದ ಕಾಲ ಅದು. ಸರ್ಕಾರ ಹೊಳೆಯ ಪಾತ್ರವನ್ನು ಕಂಪನಿಗೆ ಗುತ್ತಿಗೆ ಕೊಟ್ಟಾಗ ಮೇಲಿನ ಗಾಳಿಯನ್ನೂ ಜತೆಗೇ ಕೊಟ್ಟಿತ್ತು. ಕಂಪನಿ ಎರಡೂ ದಂಡೆಗೆ ಎತ್ತರದ ಕಂಬ ನೆಟ್ಟಿತು. ಆ ಕಂಬಗಳು ಕಿವಿಗೆ ಕೇಳದ ಭಾಷೆಯಲ್ಲಿ ಹಗಲಿರುಳೂ ಕಿರುಚುತ್ತಿದ್ದವು. ಆ ಕಿರುಚಾಟದಲ್ಲಿ ಯಾವ ಫೋನಿನ ಮಾತೂ ಯಾರಿಗೂ ಮುಟ್ಟುತ್ತಿರಲಿಲ್ಲ. ಕಂಪನಿಯವರು ಅದಕ್ಕೆ ಸುರಕ್ಷತಾ ವ್ಯವಸ್ಥೆ ಎಂದು ಹೆಸರಿಟ್ಟಿದ್ದರು. ಕೊಲ್ಲುವವರಿಗೆ ಸುರಕ್ಷತೆ ಬೇಕೇ ಬೇಕಲ್ಲ.

ಸಣ್ಣಹನುಮನ ಮಣ್ಣು ಮುಗಿಸಿ ಬಂದ ದಿನ ಹುಲಿಗೆಮ್ಮ ಒಲೆ ಹಚ್ಚಲಿಲ್ಲ. ಅವಳು ರಾಯಚೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿ, ಏತ ನೀರಾವರಿಯ ಪಂಪ್‌ಹೌಸಿನ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡಿದವಳು. ಕಂಪನಿ ಪಂಪ್‌ಹೌಸನ್ನೂ ನುಂಗಿದ ಮೇಲೆ ಗಡ್ಡಿಗೆ ವಾಪಸಾಗಿದ್ದಳು. ಮನೆಯಲ್ಲಿ ಅವಳು ಮತ್ತು ತಮ್ಮ ಮಾನಪ್ಪ, ಇಬ್ಬರೇ. ತಾಯಿ ಸತ್ತಾಗ ಅವನಿನ್ನೂ ತೆವಳುವ ಕೂಸು. ಎತ್ತಿ ಆಡಿಸಿ ಬೆಳೆಸಿದ್ದು ಇವಳು. ಈಗ ಅವನಿಗೆ ಕಲ್ಲಿನಂಥ ತೋಳು, ಮೂಗಿನ ತುದಿಯಲ್ಲಿ ಸಿಟ್ಟು. ಸಣ್ಣಹನುಮನ ಹುಟ್ಟಿನ ಮುರಿದ ತುಂಡನ್ನು ಮನೆಗೆ ತಂದು ಮೂಲೆಯಲ್ಲಿಟ್ಟು, ಅದನ್ನೇ ನೋಡುತ್ತ ಕೂತಿದ್ದ. ಮುಂದಿನ ಹೆಣ ಇವನದೇ ಎಂದು ಹುಲಿಗೆಮ್ಮನಿಗೆ ಅನ್ನಿಸಿಬಿಟ್ಟಿತು. ಆ ಹೆದರಿಕೆಯೇ ಅವಳನ್ನು ಎಬ್ಬಿಸಿ ಆಚೆ ದಂಡೆಯ ಖಾಜಾಸಾಬನ ಅಂಗಡಿಗೆ ಕಳಿಸಿತು.

ಖಾಜಾಸಾಬ ಮೊಬೈಲ್ ರಿಪೇರಿಯವನು. ಮೂಕಗಂಬ ಬಂದ ಮೇಲೆ ಮಿಕ್ಸರ್ ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಅವನ ಅಂಗಡಿಯ ಅಟ್ಟದ ಮೇಲೆ ಮುಚ್ಚಿಹೋದ ಶಾಲೆಗಳ ವಿಜ್ಞಾನದ ಪೆಟ್ಟಿಗೆಗಳು ಧೂಳು ತಿನ್ನುತ್ತ ಬಿದ್ದಿದ್ದವು. ಒಂದೊಂದರಲ್ಲೂ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಬೆರಳುಗುರಿನಷ್ಟು ರೇಡಿಯೋ ಬಿಲ್ಲೆ. ಚಹಾದ ದುಡ್ಡಿಗೆ ಸಿಗುವ ಮಾಲು. ಮಕ್ಕಳು ಆಟಿಕೆ ಕಾರು ಓಡಿಸಲಿ ಎಂದು ಕೊಟ್ಟದ್ದು.

ಮೂಕಗಂಬ ಒಂದೇ ಸಮನೆ ಕಿರುಚುವುದಿಲ್ಲ ಎಂಬುದನ್ನು ಮೊದಲು ಕಂಡುಹಿಡಿದವನು ಖಾಜಾಸಾಬ. ಕಂಪನಿ ತನ್ನ ಯಂತ್ರಗಳಿಗೆ ಅಪ್ಪಣೆ ಕಳಿಸಬೇಕಲ್ಲ. ಅದಕ್ಕಾಗಿ ಕಂಬ ಆಗಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಸುಮ್ಮನಾಗುತ್ತಿತ್ತು. ಆ ಸಂದಿಯಲ್ಲಿ ಮಾತು ತೂರಿಸಬೇಕು. ದನಿಯಂತೂ ಹಿಡಿಸದು, ನಾಲ್ಕಾರು ಅಕ್ಷರ ಹೋದರೆ ಪುಣ್ಯ.

ಮೊದಮೊದಲು ಹೋದದ್ದೆಲ್ಲ ಕಲಸುಮೇಲೋಗರ. ಈ ಡಬ್ಬಿಯಲ್ಲಿ ಒತ್ತಿದ್ದು ಒಂದು, ಆ ಡಬ್ಬಿಯಲ್ಲಿ ಮೂಡಿದ್ದು ಇನ್ನೊಂದು. ಅರ್ಧ ಮಾತು ಕಂಬದ ಬಾಯಿಗೆ ಬಿದ್ದು ಹೋಗುತ್ತಿತ್ತು. ಉಳಿದರ್ಧ ಎರಡೆರಡು ಸಲ ಬರುತ್ತಿತ್ತು. ಹೀಗೆಯೇ ತಲೆ ಕೆರೆದುಕೊಳ್ಳುತ್ತ ಕೂತಿದ್ದಾಗ ಹುಲಿಗೆಮ್ಮನಿಗೆ ತೀರಿಹೋದ ತನ್ನ ಅಜ್ಜಿ, ಆಯಿ, ನೆನಪಾದಳು.

ಆಯಿ ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಲೇಬೇಕು. ಹೂಂ ಅನ್ನದಿದ್ದರೆ ಕಥೆ ಮುಂದಕ್ಕೆ ಹೋಗದು. ಆಯಿ ಹಿಂದಿನ ಮಾತನ್ನೇ ಮತ್ತೆ ಹೇಳುವಳು. ಹೂಂ ಅಂದದ್ದು ಅವಳ ಮಂದ ಕಿವಿಗೆ ಬೀಳದೆ ಅದನ್ನೇ ಮತ್ತೆ ಹೇಳಿದರೆ, ಇದು ಆತು, ಮುಂದಿಂದು ಹೇಳು ಎಂದು ಮಕ್ಕಳು ಜಗಳ ತೆಗೆಯುತ್ತಿದ್ದರು. ಹುಲಿಗೆಮ್ಮ ಡಬ್ಬಿಗಳಿಗೆ ಇದನ್ನೇ ಕಲಿಸಿದಳು. ಸಣ್ಣ ಮಾತು ಕಳಿಸು, ಹೂಂಗೆ ಕಾಯಿ. ಹೂಂ ಬರದಿದ್ದರೆ ಬರುವವರೆಗೂ ಅದನ್ನೇ ಕಳಿಸು. ಪ್ರತಿ ತುಣುಕಿಗೂ ಒಂದು ಅಂಕಿ ಹಚ್ಚು. ಒಮ್ಮೆ ಬಂದ ಅಂಕಿ ಮತ್ತೆ ಬಂದರೆ ಹೂಂ ಅನ್ನು, ಆದರೆ ತೆರೆಯ ಮೇಲೆ ಎರಡನೆಯ ಸಲ ತೋರಿಸಬೇಡ. ದಾರಿಯಲ್ಲಿ ಅಕ್ಷರ ಕೆಟ್ಟರೆ ತಿಳಿಯುವುದಕ್ಕೆ ಅಂಬಿಗರ ಪದ್ಧತಿಯಿತ್ತು. ಹರಗೋಲು ಹತ್ತುವಾಗ ತಲೆ ಎಣಿಸು, ಇಳಿಯುವಾಗ ಎಣಿಸು, ಲೆಕ್ಕ ತಾಳೆಯಾಗದಿದ್ದರೆ ಆ ಮಾತನ್ನು ಹೊಳೆಗೆ ಬಿಡು. ಆ ದಿನ ಖಾಜಾಸಾಬನ ಅಂಗಡಿಯಿಂದ ಕಳಿಸಿದ ಮಾತು ಗಡ್ಡಿಯ ಡಬ್ಬಿಯಲ್ಲಿ ಒಂದಕ್ಷರ ಕೆಡದೆ ಮೂಡಿತು. ಇತ್ತ ಹಸಿರು ದೀಪ ಮಿಣುಕಿತು. ಹೂಂ.

ಆಯಿಯ ಪದ್ಧತಿಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಮಾನಪ್ಪ ಚಿಕ್ಕವನಿದ್ದಾಗ ನಿದ್ದೆಯಲ್ಲೂ ಹೂಂ ಅನ್ನುವ ಕಳ್ಳ. ಆಯಿ ನಡುನಡುವೆ ಕಥೆ ನಿಲ್ಲಿಸಿ, ಎಲ್ಲಿಗೆ ಬಂತು ಕಥೆ ಎಂದು ಕೇಳಿ ಅವನನ್ನು ಹಿಡಿಯುತ್ತಿದ್ದಳು. ಅವನು ಗಡಬಡಿಸಿ ಎದ್ದು ಪ್ರತಿಸಲವೂ ಒಂದೇ ಉತ್ತರ ಕೊಡುತ್ತಿದ್ದ: ರಾಜ ಊಟಕ್ಕ ಕುಂತಾನ. ಕಥೆಯಾದರೋ ನೀರಡಿಕೆಯ ರಾಜನದು. ಆ ರಾಜ ಕೆರೆ ಕುಡಿಯುತ್ತಾನೆ, ಬಾವಿ ಕುಡಿಯುತ್ತಾನೆ, ಊಟಕ್ಕೆ ಎಲ್ಲೂ ಕೂಡುವುದೇ ಇಲ್ಲ. ಮನೆಯಲ್ಲಿ ಯಾರಾದರೂ ಕೇಳದೆ ತಲೆಯಾಡಿಸಿದರೆ ಇವತ್ತಿಗೂ ಅದೇ ಗೇಲಿ, ರಾಜ ಊಟಕ್ಕ ಕುಂತಾನೇನು. ಆ ಕಥೆಯ ಕೊನೆಯನ್ನು ಮಾನಪ್ಪ ಒಂದು ಸಲವೂ ಕೇಳಿರಲಿಲ್ಲ.

ಈ ಕೊನೆಯ ಕಟ್ಟಳೆಯನ್ನು ಹುಲಿಗೆಮ್ಮ ಡಬ್ಬಿಗೆ ಹಾಕಲಿಲ್ಲ. ಮಾತು ಓದಿದವನು ಗುಂಡಿ ಒತ್ತಿದರೆ ಮಾತ್ರ ಹೂಂ ಹೋಗಲಿ ಎಂದು ಮೊದಲು ಯೋಚಿಸಿದ್ದಳು. ಆದರೆ ಬಿಲ್ಲೆಗೆ ತಾನೇ ಹೂಂ ಅನ್ನುವ ಶಕ್ತಿಯಿತ್ತು, ಮನುಷ್ಯ ಒತ್ತುವವರೆಗೆ ಕಾಯುತ್ತ ಕೂತರೆ ಬ್ಯಾಟರಿ ಖರ್ಚು. ಮಾನಪ್ಪನಂಥ ಸೋಮಾರಿ ಗುಂಡಿ ಒತ್ತುತ್ತಾನೆಂಬ ಭರವಸೆಯೂ ಅವಳಿಗಿರಲಿಲ್ಲ. ಖಾಜಾಸಾಬ ಒಮ್ಮೆ ಕೇಳಿದ, ಡಬ್ಬಿ ಕೇಳಿಸಿಕೊಂಡರೆ ಮನುಷ್ಯ ಕೇಳಿಸಿಕೊಂಡ ಹಾಗಾಯಿತೇ ಎಂದು. ಡಬ್ಬಿ ಸದಾ ಕೊರಳಲ್ಲೇ ಇರ್ತದಲ್ಲ ಮಾಮ ಎಂದು ಅವಳು ನಕ್ಕಳು.

ಆಮೇಲೆ ಕೆಲವು ತಿಂಗಳು ಗಡ್ಡಿಗೆ ಜೀವ ಬಂತು. ಹಿಟ್ಟಿನ ಡಬ್ಬಿ, ತಂಬಾಕಿನ ಡಬ್ಬಿ, ಯಾವುದು ಸಿಕ್ಕರೆ ಅದರಲ್ಲಿ ರೇಡಿಯೋ ಕೂತಿತು. ಹೆಂಗಸರು ಉಪ್ಪು ಮುಗಿದದ್ದನ್ನೂ ಹೆರಿಗೆ ಬೇನೆ ಶುರುವಾದದ್ದನ್ನೂ ಆಚೆ ದಂಡೆಗೆ ತಿಳಿಸಿದರು. ಒಬ್ಬಳಂತೂ ತವರಿನ ನಾದಿನಿಯ ಜತೆ ಡಬ್ಬಿಯಲ್ಲೇ ಜಗಳವಾಡಿ ಬ್ಯಾಟರಿ ಬರಿದು ಮಾಡಿದಳು. ನೀಲಿ ಅಂಗಿಯವರು ಎಲ್ಲಿ ದೋಣಿ ಹಚ್ಚಿದರೂ ಅಲ್ಲಿ ಊರಿನ ಗಂಡಸರು ಕಲ್ಲು, ಕೊಡಲಿ, ಬಿದಿರು ಗಳ ಹಿಡಿದು ಮೊದಲೇ ನಿಂತಿರುತ್ತಿದ್ದರು. ಕೆಳಗಿನ ಕಡವಿನಲ್ಲಿ ಒಮ್ಮೆ ಅವರ ದೋಣಿಯನ್ನು ಮಗುಚಿದರು. ಇಬ್ಬರು ಬೂಟಿನ ಭಾರಕ್ಕೆ ಮುಳುಗಿದರು. ಅವರು ಕೈಯೆತ್ತಿ ಕೂಗಿದಾಗ ಮಾನಪ್ಪ ಗಳ ಚಾಚಿದ. ಹಿಡಿದುಕೊಳ್ಳಲಿ ಎಂದಲ್ಲ. ಊರು ಅದನ್ನು ನೋಡಿ ಕೇಕೆ ಹಾಕಿತು. ಹುಲಿಗೆಮ್ಮ ಹೊಳೆಗೆ ಬೆನ್ನು ಹಾಕಿ ಮನೆಗೆ ನಡೆದಳು.

ಕಂಪನಿಯ ಕಾವಲಿನ ಮುಖಂಡನನ್ನು ಜನ ಸುಬೇದಾರ ಎನ್ನುತ್ತಿದ್ದರು. ಆ ಇಬ್ಬರಿಗೆ ಅವನು ಅಳಲಿಲ್ಲ, ಬೈಯಲಿಲ್ಲ. ಬೇಸಿಗೆ ಬಂದು ಹೊಳೆ ಇಳಿಯುವುದನ್ನು ಕಾದ.

ಆ ಮಧ್ಯಾಹ್ನ ಹುಣಸೆಮರದ ಮೇಲಿನ ಕಾವಲಿನವನು ಎರಡು ದೋಣಿ ಮೇಲ್ಮಡುವಿನ ಕಡೆ ತಿರುಗಿದ್ದನ್ನು ಕಂಡು ಕೂಗಿದ. ಮೇಲ್ಮಡುವಿನ ಬಂಡೆಯ ಹತ್ತಿರ ಮಾನಪ್ಪ ಒಬ್ಬನೇ ಕಾವಲಿಗಿದ್ದ. ಹುಲಿಗೆಮ್ಮ ಡಬ್ಬಿ ತೆಗೆದು ಒತ್ತಿದಳು: ಎರಡು ದೋಣಿ ಬಂದಾವು, ಬಿಟ್ಟು ಓಡಿ ಬಾ. ಹಸಿರು ದೀಪ ತಕ್ಷಣ ಮಿಣುಕಿತು. ಅವಳಿಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಕೆಳಗಿನ ಕಡವಿನಲ್ಲೂ ದೋಣಿ ಕಂಡವು. ಗಂಡಸರು ಯಾವ ಕಡೆ ಹೋಗಬೇಕೆಂದು ಅವಳನ್ನೇ ಕೇಳಿದರು. ತಮ್ಮನಿಗೆ ಮಾತು ಮುಟ್ಟಿದೆ, ಅವನು ಬರ್ತಾನೆ, ನೀವು ಕೆಳಗಿಳಿಯಿರಿ ಎಂದಳು.

ಮಾನಪ್ಪ ಬಿಸಿಲು ತಾಳದೆ ಡಬ್ಬಿಯನ್ನು ಜಾಲಿ ಕೊಂಬೆಗೆ ತೂಗುಹಾಕಿ ಮಡುವಿಗಿಳಿದಿದ್ದ. ಡಬ್ಬಿ ಕೊಂಬೆಯ ಮೇಲಿಂದಲೇ ಹೂಂ ಅಂದಿತ್ತು.

ಕೆಳಗಿನ ಕಡವಿನ ಹೊಡೆದಾಟ ಬರೀ ನಾಟಕ. ನೀಲಿ ಅಂಗಿಯವರು ನಾಲ್ಕು ಕಲ್ಲು ತಿಂದು ಹಿಂದಿರುಗಿದರು. ಹುಲಿಗೆಮ್ಮ ಮೇಲ್ಮಡುವಿಗೆ ಓಡಿದಾಗ ಬಂಡೆಯ ಮೇಲೆ ತಮ್ಮನ ಅಂಗಿ, ಚಪ್ಪಲಿ ಇದ್ದವು. ಮರಳಿನಲ್ಲಿ ಎಳೆದುಕೊಂಡು ಹೋದ ಗುರುತು. ಬಂಡೆಗೆ ಮೆತ್ತಿದ್ದ ರಕ್ತದಲ್ಲಿ ಎರಡು ಹಲ್ಲು. ಜಾಲಿಯ ಕೊಂಬೆ ಬರಿದಾಗಿತ್ತು. ಅವಳು ಆ ಹಲ್ಲುಗಳನ್ನು ಸೆರಗಿಗೆ ಕಟ್ಟಿಕೊಂಡಳು. ತಾನೇ ಕೊಂದೆ ಎಂಬ ಮಾತು ಒಳಗೆ ಕುಟ್ಟುತ್ತಲೇ ಇತ್ತು, ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಹೊತ್ತಿಳಿಯುವಾಗ ಅವಳ ಡಬ್ಬಿ ಟಿಕ್ ಎಂದಿತು. ಮಾನಪ್ಪನ ಡಬ್ಬಿಯಿಂದ ಬಂದ ಮಾತು: ಅಕ್ಕಾ ಪಾರಾಗೀನಿ. ಕಾಲಿಗೆ ಪೆಟ್ಟು. ಮೇಲ್ಮಡುವಿನ ಬಂಡಿ ಹಿಂದ ಅದೀನಿ. ಮುಂಜಾನಿ ಮಂದಿ ಕರಕೊಂಡು ಬಾ.

ಅಂಗಳದಲ್ಲಿ ಕೂಡಿದ್ದವರು ಕುಣಿದಾಡಿದರು. ಗಡ್ಡಿಗೆ ಬಂದಿದ್ದ ಖಾಜಾಸಾಬ ಕಣ್ಣೊರೆಸಿಕೊಂಡ. ಹುಲಿಗೆಮ್ಮ ಮಾತ್ರ ಕುಣಿಯಲಿಲ್ಲ. ಹೂಂ ಒಂದನ್ನು ನಂಬಿ ಕೆಟ್ಟಿದ್ದಳು. ಈ ಸಲ ಆಯಿಯ ಹಾಗೆ ಕೇಳಿದಳು. ಡಬ್ಬಿಯಲ್ಲಿ ಒತ್ತಿದಳು: ಕಥಿ ಎಲ್ಲಿಗೆ ಬಂತು?

ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ತೆರೆಯ ಮೇಲೆ ಒಂದೊಂದೇ ಅಕ್ಷರ ಮೂಡಿತು: ರಾಜ ಊಟಕ್ಕ ಕುಂತಾನ.

ಅವಳು ಡಬ್ಬಿಯನ್ನು ಎದೆಗೊತ್ತಿಕೊಂಡು ಹೋ ಎಂದು ಅತ್ತಳು. ಖಾಜಾಸಾಬ ಗಾಬರಿಯಾದ. ತಮ್ಮನೇ ಅಲ್ಲವೇನವ್ವ ಎಂದು ಕೇಳಿದ.

"ತಮ್ಮನ ಮಾಮ. ಜೀವಂತ ಅದಾನ. ಆದರ ಮುಂಜಾನಿ ಮಂದಿ ಕರಕೊಂಡು ಬಾ ಅಂದಿದ್ದು ಅವ ಅಲ್ಲ. ಕಳ್ಳ ಹೂಂ ನಂಬಬ್ಯಾಡ ಅಕ್ಕಾ ಅಂತ ಹೇಳಾಕತ್ತಾನ."

ಸುಬೇದಾರನಿಗೆ ಅದು ಮನೆಮಂದಿಯ ಗುರುತಿನ ಮಾತಿನಂತೆ ಕಂಡಿರಬೇಕು. ಹೊಡೆದು ಕೇಳಿರುತ್ತಾನೆ, ಇವನು ಹೇಳಿರುತ್ತಾನೆ. ಮೇಲ್ಮಡುವಿಗೆ ಹೋದರೆ ಊರಿಗೆ ಊರೇ ಬಂದೂಕಿನ ಬಾಯಿಗೆ ಬೀಳುತ್ತದೆ. ಹೋಗದಿದ್ದರೆ ಬೆಳಗಾದ ಮೇಲೆ ಮಾನಪ್ಪನಿಂದ ಅವರಿಗೆ ಕೆಲಸವಿಲ್ಲ. ಹುಲಿಗೆಮ್ಮ ಕಣ್ಣೊರೆಸಿಕೊಂಡು ಉತ್ತರ ಒತ್ತಿದಳು: ಬೆಳಕು ಹರಿಯೂದಕ್ಕ ಎಲ್ಲಾರೂ ಬರ್ತೀವಿ. ಒಂದು ರಾತ್ರಿ ಕೈಗೆ ಸಿಕ್ಕಿತು.

ಅವನನ್ನು ಎಲ್ಲಿಟ್ಟಿದ್ದಾರೆಂದು ತಿಳಿಯಬೇಕಿತ್ತು. ಇದಕ್ಕೆ ದಾರಿ ಹೊಳೆದದ್ದೂ ಅವಳಿಗೇ. ಮಾತೇ ಇಲ್ಲದ ಖಾಲಿ ತುಣುಕು ಕಳಿಸಿದರೆ ಆಚೆಯ ತೆರೆಯ ಮೇಲೆ ಏನೂ ಮೂಡದು, ಯಾರಿಗೂ ಗೊತ್ತಾಗದು. ಆದರೆ ಡಬ್ಬಿ ಹೂಂ ಅಂದೇ ಅನ್ನುತ್ತದೆ. ಮಧ್ಯಾಹ್ನ ಅವನನ್ನು ಹಿಡಿದುಕೊಟ್ಟ ಆ ಮೂಢ ಹೂಂ ಈಗ ಅವನ ಜಾಗ ತೋರಿಸಬಹುದಿತ್ತು. ಖಾಜಾಸಾಬ ಹಾಲಿನಪುಡಿಯ ದೊಡ್ಡ ಡಬ್ಬಿಯ ತಳದಲ್ಲಿ ಬಿಲ್ಲೆಯನ್ನು ಕೂಡಿಸಿದ. ಈಗ ಡಬ್ಬಿಯ ಬಾಯಿ ಎತ್ತ ತಿರುಗಿದೆಯೋ ಅತ್ತ ಮಾತ್ರ ಅದಕ್ಕೆ ಕಿವಿ. ಕಳಿಸುವ ಶಕ್ತಿಯನ್ನು ತೀರ ತಗ್ಗಿಸಿದರು. ಮಸುಕಿನಲ್ಲಿ ಗಡ್ಡಿಯ ಮೇಲ್ತುದಿಯಲ್ಲಿ ನಿಂತು ಹುಲಿಗೆಮ್ಮ ಡಬ್ಬಿಯನ್ನು ಮೆಲ್ಲಗೆ ತಿರುಗಿಸಿದಳು. ಮೇಲ್ಮಡುವಿನ ಕಡೆ ಕತ್ತಲೆ. ಆಚೆ ದಂಡೆಯ ಕ್ಯಾಂಪಿನ ಕಡೆಯೂ ಕತ್ತಲೆ. ಹೊಳೆ ಹರಿಯುವ ಕೆಳಗಿನ ದಿಕ್ಕಿಗೆ ತಿರುಗಿಸಿದಾಗ ಹಸಿರು ಮಿಣುಕಿತು. ಕೆಳತುದಿಗೆ ಹೋಗಿ ಮತ್ತೆ ನೋಡಿದರು. ಖಾಜಾಸಾಬ ಎರಡೂ ದಿಕ್ಕಿಗೆ ಮರಳಿನ ಮೇಲೆ ಗೆರೆ ಎಳೆದ. ಗೆರೆಗಳು ಕೂಡಿದ್ದು ಹೊಳೆಯ ನಡುವೆ, ಲಂಗರು ಹಾಕಿ ನಿಂತಿದ್ದ ಹೀರುದೋಣಿಯ ಮೇಲೆ. ಗಡ್ಡಿಯ ಮರಳನ್ನೆಲ್ಲ ಸೊಂಡಿಲಿನಿಂದ ನುಂಗಿದ ಯಂತ್ರ ಅದು. ಮಾನಪ್ಪ ಅದರ ಹೊಟ್ಟೆಯಲ್ಲಿದ್ದ.

ನಸುಕಿನಲ್ಲಿ ಹರಗೋಲುಗಳು ಹುಟ್ಟಿನ ಸದ್ದಿಲ್ಲದೆ ನೀರಿನ ಸೆಳವಿಗೇ ಬಿಟ್ಟು ಇಳಿದವು. ಸುಬೇದಾರ ತನ್ನ ಬಂದೂಕುಗಳನ್ನೆಲ್ಲ ಮೇಲ್ಮಡುವಿನಲ್ಲಿ ಹೂಡಿ ಕಾದಿದ್ದ. ಹೀರುದೋಣಿಯ ಮೇಲೆ ನಾಲ್ಕೈದು ಜನರಷ್ಟೇ. ಮೊದಲನೆಯವನು ಎದ್ದು ಬಾಯಿ ತೆರೆಯುವ ಮೊದಲೇ ಸಣ್ಣಹನುಮನ ಅಣ್ಣನ ಕೊಡಲಿ ಅವನ ಕೊರಳಿಗೆ ಬಿತ್ತು. ಇನ್ನೊಬ್ಬನನ್ನು ಕಬ್ಬಿಣದ ಅಂಚಿಗೆ ತಲೆ ಚಚ್ಚಿ ಹೊಳೆಗೆ ನೂಕಿದರು. ಯಾರೋ ಗುಂಡು ಹಾರಿಸಿದ. ಗಡ್ಡಿಯ ಒಬ್ಬ ಹೊಟ್ಟೆ ಹಿಡಿದುಕೊಂಡು ಕೂತ. ತಗಡಿನ ನೆಲ ರಕ್ತಕ್ಕೆ ಜಾರತೊಡಗಿತು. ಜನ ಬಹಳ ದಿನದ ಹಸಿವಿನಿಂದ ಹೊಡೆಯುತ್ತಿದ್ದರು. ಬಿದ್ದವನನ್ನೂ ಬಿಡಲಿಲ್ಲ.

ಹುಲಿಗೆಮ್ಮನ ಕೊರಳಿನ ಡಬ್ಬಿ ಖಾಲಿ ತುಣುಕು ಕಳಿಸುತ್ತಲೇ ಇತ್ತು, ಹಸಿರು ಮಿಣುಕುತ್ತಲೇ ಇತ್ತು. ಅವಳು ಎಂಜಿನ್ ಕೋಣೆಯ ಮೆಟ್ಟಿಲಿಳಿದಳು. ಬಾಗಿಲಲ್ಲಿ ಒಬ್ಬ ನೀಲಿ ಅಂಗಿಯವನು ಕಬ್ಬಿಣದ ಸರಳು ಹಿಡಿದು ನಿಂತಿದ್ದ. ಮಾನಪ್ಪನ ವಯಸ್ಸಿನವನು.

"ಅಕ್ಕಾ, ಬ್ಯಾಡ."

ಅಷ್ಟು ಹೇಳಿ ಅವನು ಸರಳನ್ನು ಕೆಳಗಿಟ್ಟ. ಅವಳು ಹರಗೋಲಿನಿಂದ ತಂದಿದ್ದ ಹುಟ್ಟನ್ನು ಎರಡೂ ಕೈಯಿಂದೆತ್ತಿ ಅವನ ತಲೆಗೆ ಹೊಡೆದಳು. ಬಿದ್ದ ಮೇಲೂ ಹೊಡೆದಳು. ಆ ಅಕ್ಕಾ ಎಂಬ ಕೂಗು ಮುಂದೆ ಜನ್ಮವಿಡೀ ಅವಳ ಬೆನ್ನು ಹತ್ತಿತು; ಆ ಗಳಿಗೆಯಲ್ಲಿ ಮಾತ್ರ ಏನೂ ಅನ್ನಿಸಲಿಲ್ಲ.

ಮಾನಪ್ಪನನ್ನು ಎಂಜಿನ್ನಿನ ಕಾಲಿಗೆ ಕಟ್ಟಿದ್ದರು. ಬಲಗೈಯ ಬೆರಳುಗಳು ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿದ್ದವು. ಕೊರಳಿಗೆ ಎತ್ತಿನ ಗಂಟೆಯ ಹಾಗೆ ಅವನ ಡಬ್ಬಿಯನ್ನು ತಂತಿಯಿಂದ ಬಿಗಿದಿದ್ದರು. ಹೊಟ್ಟೆ ಊದಿ ಕಲ್ಲಾಗಿತ್ತು. ಒದ್ದು ಒದ್ದು ಒಳಗೆಲ್ಲೋ ಹರಿದಿತ್ತು. ಕಣ್ಣು ಮಾತ್ರ ತೆರೆದಿತ್ತು. ಅಕ್ಕನನ್ನು ನೋಡಿ ನಗಲು ಹೋದ, ಹಲ್ಲು ಉದುರಿದ ಬಾಯಿಂದ ರಕ್ತ ಬಂತು.

ಗಂಡಸರು ಹೀರುದೋಣಿಯ ಸೊಂಡಿಲು ಕಡಿದು ತಳಕ್ಕೆ ತೂತು ಹೊಡೆಯುತ್ತಿದ್ದಾಗ ಹುಲಿಗೆಮ್ಮ ತಮ್ಮನನ್ನು ಹರಗೋಲಿಗೆ ಹಾಕಿಕೊಂಡು ಹೊರಟಳು. ಆಚೆ ದಂಡೆಯ ದೂರದ ಕಡವಿನಲ್ಲಿ ಖಾಜಾಸಾಬ ಟೆಂಪೊ ನಿಲ್ಲಿಸಿಕೊಂಡಿದ್ದ. ಅಲ್ಲಿಯವರೆಗೆ ಇವನು ಎಚ್ಚರವಿದ್ದರೆ ಬದುಕುತ್ತಾನೆ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹುಟ್ಟು ಹಾಕಲು ಊರಿನ ಒಬ್ಬ ಕೂತ. ಮಾನಪ್ಪನ ತಲೆ ಅವಳ ತೊಡೆಯ ಮೇಲಿತ್ತು.

"ಅಕ್ಕಾ, ಆ ಕಥಿ ಕೊನಿಗಿ ಏನಾಕ್ಕೈತಿ?"

"ಹೇಳ್ತೀನಿ. ಹೂಂ ಅನ್ನಬೇಕು ಮತ್ತ. ಮಲಗಿದಿ ಅಂದ್ರ ಹೇಳಂಗಿಲ್ಲ."

"ಹೂಂ."

ಅವಳು ಮೊದಲಿನಿಂದ ಶುರುಮಾಡಿದಳು. ನೀರಡಿಕೆಯ ರಾಜನೊಬ್ಬನಿದ್ದ. ಹೂಂ. ಅರಮನೆಯ ಬಾವಿ ಕುಡಿದ, ತಣಿಯಲಿಲ್ಲ. ಹೂಂ. ಊರ ಕೆರೆ ಕುಡಿದ, ಮೀನು ಸತ್ತವು, ಆದರೂ ತಣಿಯಲಿಲ್ಲ. ಹೂಂ. ಹಿಂದೆ ಹೀರುದೋಣಿ ವಾಲಿಕೊಂಡು ಮುಳುಗುತ್ತಿತ್ತು; ಮೇಲ್ಮಡುವಿನ ಕಡೆಯಿಂದ ಗುಂಡಿನ ಸದ್ದು ಕೇಳಿತು. ಅವಳು ಅತ್ತ ತಿರುಗಲಿಲ್ಲ. ರಾಜ ಹೊಳೆಯ ದಂಡೆಗೆ ಬಂದು ಮಂಡಿಯೂರಿ ಬಾಯಿ ಹಚ್ಚಿದ ಎಂದಳು. ಹೂಂ ಎಂದು ಕೇಳಿಸಿತೋ, ಉಸಿರು ಹೊರಬಿತ್ತೋ ಸರಿಯಾಗಿ ತಿಳಿಯಲಿಲ್ಲ. ಅಂಬಿಗರ ಹುಡುಗಿಯೊಬ್ಬಳು ಓಡಿ ಬಂದು, ಹೊಳಿ ಕುಡೀಬ್ಯಾಡೋ ರಾಜಾ ಅಂದಳು.

ಮಾನಪ್ಪ ಏನೂ ಅನ್ನಲಿಲ್ಲ. ಅವಳು ಆ ಮಾತನ್ನು ಇನ್ನೊಮ್ಮೆ ಹೇಳಿದಳು. ಮತ್ತೂ ಒಮ್ಮೆ ಹೇಳಿದಳು. ಬಾಗಿ ಅವನ ಕಿವಿಯ ಹತ್ತಿರ ಕೇಳಿದಳು.

"ಕಥಿ ಎಲ್ಲಿಗೆ ಬಂತಪಾ?"

ಅವನು ರಾಜ ಊಟಕ್ಕ ಕುಂತಾನ ಎನ್ನಲಿ, ಅದಾದರೂ ಸಾಕು ಎಂದು ಅವಳು ಕಾದಳು. ಅವನ ಕಣ್ಣು ಆಕಾಶ ನೋಡುತ್ತಿತ್ತು. ಅವಳ ಕೊರಳಿನ ಡಬ್ಬಿಯಲ್ಲಿ ಹಸಿರು ದೀಪ ಮಿಣುಕಿತು, ಮತ್ತೆ ಮಿಣುಕಿತು. ಅವನ ಎದೆಯ ಮೇಲಿನ ಡಬ್ಬಿ ಹೂಂ ಅನ್ನುತ್ತಲೇ ಇತ್ತು.

ಹುಟ್ಟು ಹಾಕುತ್ತಿದ್ದವನು ಕೈ ನಿಲ್ಲಿಸಿದ. ಹುಲಿಗೆಮ್ಮ ತಮ್ಮನ ಕೊರಳಿನ ತಂತಿಯನ್ನು ಬಿಚ್ಚಿ, ಡಬ್ಬಿಯ ಬ್ಯಾಟರಿಯ ಎಳೆಯನ್ನು ಕಿತ್ತಳು. ಹಸಿರು ಆರಿತು. ಹೂಂ ಅನ್ನಲು ಈಗ ಯಾರೂ ಇರಲಿಲ್ಲ. ಅವಳು ಅವನ ಕೂದಲಲ್ಲಿ ಬೆರಳಾಡಿಸುತ್ತ, ದಂಡೆ ಮುಟ್ಟುವವರೆಗೂ, ಆ ಕಥೆಯನ್ನು ಕೊನೆಯವರೆಗೂ ಹೇಳಿದಳು.